ಹೊಂಡದ ಬಳಿ ಬೇಟೆಗಾರ ಯಾರು?

ಬೇಸಿಗೆಗೆ ಒಣಗಿಹೋಗಿದ್ದ ಒಂದು ಕಾಡಿನಲ್ಲಿ ನೀರು ಉಳಿದದ್ದು ಒಂದೇ ಹೊಂಡದಲ್ಲಿ. ಅಲ್ಲೊಂದು ಕಟ್ಟಳೆ ಇತ್ತು. ಬೆಳಿಗ್ಗೆ ಪ್ರಾಣಿಗಳೆಲ್ಲ ಒಟ್ಟಿಗೆ ನೀರು ಕುಡಿಯಬೇಕು. ಬೇಟೆಗಾರರು ಮಾತ್ರ ಮಟಮಟ ಮಧ್ಯಾಹ್ನ, ಎಲ್ಲರೂ ಹೋದ ಮೇಲೆ ಬರಬೇಕು. ಆದರೆ ಬೇಟೆಗಾರ ಎಂದರೆ ಯಾರೆಂದು ಯಾರೂ ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ. ಯಾರು ಬೇಟೆಗಾರರೆಂದು ತೀರ್ಮಾನಿಸುವ ಕೆಲಸವನ್ನು ನರಿ ತಾನೇ ವಹಿಸಿಕೊಂಡಿತ್ತು. ತಾನು ಬೋರೆಹಣ್ಣು ತಿಂದು ಬದುಕುವ ಸಾಧು ಎಂದು ಎಲ್ಲರನ್ನೂ ನಂಬಿಸಿತ್ತು.

"ಮೈತುಂಬ ಈಟಿ ಹೊತ್ತವಳು ಬೇಟೆಗಾರ್ತಿಯಲ್ಲದೆ ಇನ್ನೇನು?" ಎಂದು ಅದು ಮುಳ್ಳುಹಂದಿಯನ್ನು ಮಧ್ಯಾಹ್ನಕ್ಕೆ ತಳ್ಳಿತು.

ಮುಳ್ಳುಹಂದಿ ದಿನವೂ ಒಂಟಿಯಾಗಿ ಬರುತ್ತಿತ್ತು. ದಡದ ತುಂಬ ಬೇರೆಯವರ ಹೆಜ್ಜೆ ಗುರುತು. ಅವುಗಳ ನಡುವೆ ನಿಂತು ಕೆಸರುನೀರು ಕುಡಿಯುತ್ತಿತ್ತು. ಯಾರೊಡನೆಯಾದರೂ ಮಾತಾಡಿ ಎಷ್ಟು ದಿನವಾಯಿತೆಂದು ಅದಕ್ಕೇ ಮರೆತುಹೋಗಿತ್ತು. ಪಾಪ, ತುಂಬಾ ದುಃಖವಾಗುತ್ತಿತ್ತು ಅದಕ್ಕೆ. ಈ ನಡುವೆ ಮೊಲದ ಮರಿಗಳು ಒಂದೊಂದಾಗಿ ಕಾಣೆಯಾದವು. "ಇನ್ಯಾರು? ಅವಳೇ," ಎಂದಿತು ನರಿ.

ಒಂದು ಮಧ್ಯಾಹ್ನ ಹೊಂಡದಲ್ಲಿ ಒಂದು ಗುಟುಕೂ ಉಳಿದಿರಲಿಲ್ಲ. ಮರುದಿನ ಬೆಳಿಗ್ಗೆ, ಹನಿಹನಿಯಾಗಿ ನೀರು ಊರಿದ ಹೊತ್ತಿಗೆ, ಬಾಯಾರಿದ ಮುಳ್ಳುಹಂದಿ ಎಲ್ಲರೆದುರು ಬಂದು ನಿಂತಿತು.

"ಇದು ನಿನ್ನ ಹೊತ್ತಲ್ಲ," ಎಂದಿತು ನರಿ.

"ಹೋಗ್ತೀನಿ ನರಿಯಣ್ಣ. ಬೇಟೆಗಾರ ಅಂದ್ರೆ ಯಾರು, ಅದೊಂದು ಹೇಳಿಬಿಡು."

"ಎಲ್ಲರಿಗೂ ಗೊತ್ತಿರೋದನ್ನ ಹೇಳೋದೇನು?"

"ಅಟ್ಟಿಸಿಕೊಂಡು ಬರೋರು," ಎಂದಿತು ಜಿಂಕೆ. "ಮರ ಹತ್ತಿ ಬರೋರು," ಎಂದಿತು ಕೋತಿ. "ಪೊದೆಯೊಳಗೆ ನುಗ್ಗೋರು," ಎಂದಿತು ಮೊಲ. ಮೂವರೂ ಮುಖ ಮುಖ ನೋಡಿಕೊಂಡರು.

"ಚೂಪಾದ ಆಯುಧ ಇರೋರು," ನರಿ ಅವಸರದಲ್ಲಿ ಹೇಳಿತು.

"ಹಾಗಾದ್ರೆ ನನ್ನ ಕೊಂಬು?" ಎಂದಿತು ಜಿಂಕೆ.

"ಸರಿ, ಮಾಂಸ ತಿನ್ನೋರು ಅಂತಿಟ್ಟುಕೊಳ್ಳಿ."

ಎಲ್ಲರೂ ಒಪ್ಪಿದರು. "ಹಾಗಾದ್ರೆ ಒಬ್ಬೊಬ್ಬರಾಗಿ ಬಾಯಿ ತೆರೀರಿ," ಎಂದು ಮುಳ್ಳುಹಂದಿ ಮೊದಲು ತಾನೇ ಬಾಯಿ ತೆರೆಯಿತು. ಅಲ್ಲಿದ್ದದ್ದು ಗೆಡ್ಡೆಯ ಚೂರು. ಜಿಂಕೆಯ ಬಾಯಲ್ಲಿ ಹುಲ್ಲು, ಕೋತಿಯ ಬಾಯಲ್ಲಿ ಚಿಗುರು. ದಿನವಿಡೀ ಬಾಯಿಗೆ ಬಿಡುವು ಕೊಡದ ನರಿ ಮಾತ್ರ ತುಟಿ ಬಿಗಿದು ಕೂತಿತು. ಕೋತಿ ಅದರ ದವಡೆ ಹಿಡಿದು ತೆರೆಯಿತು. ಹಲ್ಲಿನ ಸಂದಿಯಲ್ಲಿ ಮೊಲದ ರೋಮ ಸಿಕ್ಕಿಕೊಂಡಿತ್ತು.

ಅಂದಿನಿಂದ ಒಂಟಿ ಮಧ್ಯಾಹ್ನ ನರಿಯ ಪಾಲಿಗೆ ಬಂತು. ಮರುದಿನ ಮುಳ್ಳುಹಂದಿ ಬೆಳಿಗ್ಗೆಯೇ ಬಂದಿತು. ಆದರೂ ಮುಳ್ಳಿಗೆ ಹೆದರಿ ಯಾರೂ ಹತ್ತಿರ ನಿಲ್ಲಲಿಲ್ಲ. ಅದು ತಲೆ ತಗ್ಗಿಸಿ ಕುಡಿಯತೊಡಗಿತು. ಆಗ ಮರಿ ಕಳೆದುಕೊಂಡ ತಾಯಿ ಮೊಲ ಬಂದು, ಒಂದು ಮುಳ್ಳಿನಷ್ಟು ಜಾಗ ಬಿಟ್ಟು ಪಕ್ಕದಲ್ಲಿ ನಿಂತಿತು.

"ಬೆಳಗಿನ ನೀರು ತಣ್ಣಗಿರುತ್ತೆ, ಅಲ್ವೇನಕ್ಕ?" ಎಂದಿತು.

ಮುಳ್ಳುಹಂದಿ ಮುಳ್ಳುಗಳನ್ನು ಮೈಗೆ ಒತ್ತಿಕೊಂಡು, "ಹೌದು ಕಣೇ, ತಣ್ಣಗಿದೆ," ಎಂದಿತು.

ನೀತಿ: ಒಟ್ಟಿಗೆ ಬಾಳುವವರು ತಾವಾಡುವ ಮಾತಿನ ಅರ್ಥವನ್ನು ಎಲ್ಲರೆದುರು ಗೊತ್ತುಮಾಡಿಕೊಳ್ಳಬೇಕು, ಅದನ್ನು ಒಬ್ಬನ ಬಾಯಿಗೆ ಬಿಟ್ಟರೆ ತಪ್ಪು ಮಾಡದವರು ಒಂಟಿಯಾಗುತ್ತಾರೆ.