ಮಸೀದಿ ಕೇರಿ ಯಾರ ಪಾಲಿಗೆ?

"ಕೇಳಿರಿ, ಊರವರೆಲ್ಲ ಕೇಳಿರಿ. ಮಹಾರಾಜರು ಹಾಕುವ ಮೂರು ಒಗಟುಗಳನ್ನು ಬಿಡಿಸಿದವರಿಗೆ ಮಸೀದಿ ಕೇರಿ ಪೂರ್ತಿ ಸೇರತಕ್ಕದ್ದು. ಅಲ್ಲಿನವರನ್ನು ಇಟ್ಟುಕೊಳ್ಳುವುದೂ ಓಡಿಸುವುದೂ ಗೆದ್ದವರ ಇಷ್ಟ. ಸೋತವರ ತಲೆ ಮಾತ್ರ ಮಹಾರಾಜರದ್ದು."

ಹೊನ್ನಳಿವೆಯ ಬಂದರಿನಲ್ಲಿ ಹೀಗೆ ಡಂಗುರ ಹೊಡೆದರು. ಮಸೀದಿ ಕೇರಿ, ಅದಕ್ಕೆ ತಾಗಿದ ಕ್ರೈಸ್ತರ ಇಗರ್ಜಿ ಕೇರಿ, ಎರಡರ ದೂರೂ ಕೇಳಿ ಕೇಳಿ ಮಹಾರಾಜನಿಗೆ ತಲೆ ಚಿಟ್ಟು ಹಿಡಿದಿತ್ತು.

ಇಗರ್ಜಿ ಕೇರಿಯವರು ಕುಣಿದಾಡಿದರು. ಅವರ ಸಿಟ್ಟಿಗೆ ಕಾರಣ ಇಲ್ಲದಿರಲಿಲ್ಲ. ಮರಿಯಮ್ಮನ ಮೆರವಣಿಗೆಯ ದಿನ ತಿರುವಿನಲ್ಲಿ ದಾರಿಗಾಗಿ ಜಗಳ ಹತ್ತಿ, ಮಸೀದಿ ಕೇರಿಯ ಕಡೆಯಿಂದ ಬಂದ ಕಲ್ಲು ಪಾವ್ಲುವಿನ ಎಡಗಣ್ಣನ್ನು ತೆಗೆದಿತ್ತು. ಪಾವ್ಲುವಿನ ಅಣ್ಣ ಇನಾಸ ಇಗರ್ಜಿಯ ಕಸ ಗುಡಿಸಿ, ಗಂಟೆ ಹೊಡೆದು ಬದುಕುವವನು. ಅಂದಿನಿಂದ ಅವನ ಹೊಟ್ಟೆಯಲ್ಲಿ ಕೆಂಡ ಬಿದ್ದಿತ್ತು. ಬಿಳಿ ಟೋಪಿ ಕಂಡರೆ ಸಾಕು, ಹಲ್ಲು ಕಡಿಯುತ್ತಿದ್ದ. ಆದರೆ ಅದೇ ದಿನ ಪಾವ್ಲುವನ್ನು ಹೆಗಲ ಮೇಲೆ ಹೊತ್ತು ವೈದ್ಯರ ಮನೆಗೆ ಓಡಿದವರು, ಎರಡು ಕೇರಿ ಕೂಡುವಲ್ಲಿ ಪಕ್ಕದ ಮನೆಯಲ್ಲೇ ಇರುವ ಮಸೀದಿ ಕೇರಿಯ ಇದಿನಬ್ಬ ಕಾಕ. ಅವರನ್ನೂ ಓಡಿಸುತ್ತಾರಂತೆ! ಒಬ್ಬ ಪೋಕರಿಯ ಕಲ್ಲಿಗೆ ಕೇರಿಯ ಮುದುಕಿಯರೂ ಹಸುಗೂಸುಗಳೂ ಊರು ಬಿಡಬೇಕಂತೆ! ಕೊರಳಲ್ಲಿ ಶಿಲುಬೆ ಹಾಕಿಕೊಂಡು ಹೀಗೆ ಕುಣಿಯುವ ತನ್ನವರ ಮೇಲೆ ಇನಾಸನಿಗೆ ಇನ್ನೂ ಹೆಚ್ಚು ಸಿಟ್ಟು ಬಂತು.

ಮೊದಲು ಹೋದವನು ಹಡಗಿನ ಸಾಹುಕಾರ ಕಾಯ್ತಾನ. ಮಸೀದಿ ಕೇರಿಯಲ್ಲಿ ತನ್ನ ಉಗ್ರಾಣ ಎಲ್ಲಿ ಕಟ್ಟಬೇಕೆಂದು ಆಗಲೇ ನೋಡಿ ಬಂದಿದ್ದ, ಪುಣ್ಯಾತ್ಮ. ಹುಟ್ಟಿದ ಮನೆಯನ್ನೇ ಮೊದಲು ತಿಂದು ಆಮೇಲೆ ಪಕ್ಕದ ಮನೆಗೆ ನೆಗೆಯುವುದು, ನೀರು ಸುರಿದರೂ ಆರದ್ದು ಯಾವುದು ಎಂದು ರಾಜ ಕೇಳಿದ. ಬೆಂಕಿ ಎಂದ ಕಾಯ್ತಾನ. ನೀರಿಗೆ ಆರದ ಬೆಂಕಿ ಎಲ್ಲಿ ಕಂಡೆ ಎಂದು ರಾಜ, ತಲೆ ತೆಗೆಯುವ ದಿನದವರೆಗೆ ಇರಲೆಂದು ಅವನನ್ನು ಸೆರೆಗೆ ತಳ್ಳಿಸಿದ.

ಆಮೇಲೆ ಇಗರ್ಜಿ ಕೇರಿಯ ಹಿರಿತಲೆ, ಗುರಿಕಾರ ಲಾದ್ರು ಎದ್ದ. ಮೊದಲ ಒಗಟಿಗೆ ಸಿಟ್ಟು ಎಂದು ಥಟ್ಟನೆ ಹೇಳಿದ. ಅದರ ಪರಿಚಯ ಅವನಿಗೆ ಚೆನ್ನಾಗಿಯೇ ಇತ್ತು. ಮನೆ ಎರಡು, ಬೆನ್ನು ಒಂದು, ಪಕ್ಕದವನ ಹಗೆಗೆ ಕೆಡವಿದರೆ ಬಯಲಿಗೆ ಬೀಳುವವನು ನೀನೇ, ಏನದು ಎಂದಾಗ ನಡುಗೋಡೆ ಎಂದ. ಅದೂ ಸರಿಯಾಯಿತು. ಇನ್ನೊಂದು ಬಿಡಿಸಿದರೆ ಮಸೀದಿ ಕೇರಿ ಲಾದ್ರುವಿನ ಕೈಗೆ. ಗುಂಪಿನಲ್ಲಿ ನಿಂತಿದ್ದ ಇದಿನಬ್ಬ ಕಾಕ ಕಣ್ಣು ಮುಚ್ಚಿಕೊಂಡರು.

ರಾಜ ಮೂರನೆಯದನ್ನು ಕೇಳಿದ. "ಒಬ್ಬನಿಂದ ಹೊರಟು ಹಗೆಯವರ ಮನೆಗೆ ಹೋಗುತ್ತದೆ, ಬಾಗಿಲು ತಟ್ಟುವುದಿಲ್ಲ. ಅದು ಬಂದ ಮೇಲೆಯೇ ಅವರು ಅನ್ನಕ್ಕೆ ಕೈಹಾಕುವುದು. ಕಳಿಸುವವನು ಸಿಟ್ಟಿನಿಂದ ಕುದಿಯುತ್ತಿದ್ದಾನೆ, ಆದರೂ ಕಳಿಸುತ್ತಾನೆ."

"ಹಸಿವು," ಎಂದ ಲಾದ್ರು. "ಅವರ ಮೇಲಿನ ಸಿಟ್ಟಿಗೆ ದೇವರೇ ಕಳಿಸುತ್ತಾನೆ."

ಅಲ್ಲವೆಂದು ರಾಜ ತಲೆಯಾಡಿಸಿದ. ಲಾದ್ರುವೂ ಸೆರೆಗೆ ಹೋದ.

ಆಗ ಇನಾಸ ಮುಂದೆ ಬಂದ. ಮೊದಲೆರಡು ಉತ್ತರ ಎಲ್ಲರಿಗೂ ಗೊತ್ತಾಗಿದೆ, ನೀನು ಅರ್ಥ ಹೇಳಬೇಕು ಎಂದ ರಾಜ.

"ಸಿಟ್ಟು ನನ್ನೊಳಗೇ ಇದೆ ಮಹಾಸ್ವಾಮಿ. ನನ್ನ ನಿದ್ದೆ ತಿಂದಾಯಿತು, ಅಮ್ಮನ ನೆಮ್ಮದಿ ತಿಂದಾಯಿತು. ಪಕ್ಕದ ಮನೆಗೆ ನೆಗೆಯದ ಹಾಗೆ ಬಾಗಿಲಿಗೆ ಅಡ್ಡ ಕೂತಿದ್ದೇನೆ. ನಮಗೂ ಇದಿನಬ್ಬ ಕಾಕನಿಗೂ ಒಂದೇ ಗೋಡೆ. ಅವರ ಮನೆ ಕೆಡವಿದರೆ ನಮ್ಮ ತಲೆ ಮೇಲಿನ ಮಾಡೂ ನಿಲ್ಲುವುದಿಲ್ಲ."

"ಮೂರನೆಯದು?"

"ನಮ್ಮ ಇಗರ್ಜಿಯ ಸಂಜೆ ಗಂಟೆ. ಮಸೀದಿಯ ಬಾಂಗಿನ ಕೂಗು ಕಡಲ ಗಾಳಿಗೆ ಹಾರಿಹೋಗುತ್ತದೆ ಅಂತ ಅಜ್ಜನ ಕಾಲದಿಂದಲೂ ಆ ಕೇರಿಯವರು ನಮ್ಮ ಗಂಟೆ ಕೇಳಿಯೇ ರಂಜಾನಿನ ಉಪವಾಸ ಬಿಡುತ್ತಾರೆ. ಈ ಸಲ ತಡಮಾಡಿ ಹೊಡಿ, ಒಣಗಿ ಸಾಯಲಿ ಅಂದರು ಗುರಿಕಾರರು. ಹಗ್ಗ ಹಿಡಿದಾಗ ತಮ್ಮನ ಮುಖ ಕಣ್ಣೆದುರು ಬರುತ್ತದೆ. ಆದರೆ ಅವರು ಏನು ಮಾಡಿದರು ಅಂತ ಯೇಸುಸ್ವಾಮಿ ನನ್ನನ್ನು ಕೇಳುವುದಿಲ್ಲ, ನೀನು ಏನು ಮಾಡಿದೆ ಅಂತ ಕೇಳುತ್ತಾನೆ. ಅದಕ್ಕೇ ಬೈದುಕೊಂಡಾದರೂ ಹೊತ್ತಿಗೆ ಸರಿಯಾಗಿ ಹೊಡೆಯುತ್ತೇನೆ."

ಇಷ್ಟೆಲ್ಲ ಆದ ಮೇಲೂ ಗಂಟೆ ಹೊತ್ತು ತಪ್ಪದ್ದನ್ನು ಮಾಳಿಗೆಯಿಂದ ದಿನವೂ ಕೇಳಿ, ಹೊಡೆಯುವವನು ಯಾರೆಂದು ತಿಳಿಯಲಿಕ್ಕೇ ಈ ಒಗಟು ಕಟ್ಟಿದೆನೆಂದು ರಾಜ ಒಪ್ಪಿಕೊಂಡ. ಕೇರಿ ನಿನ್ನದು, ಏನು ಮಾಡುತ್ತೀ ಎಂದು ಕೇಳಿದ.

ಅಲ್ಲಿರುವವರೇ ಅಲ್ಲಿರಲಿ, ಸೆರೆಯಲ್ಲಿರುವ ಇಬ್ಬರೂ ಮನೆಗೆ ಹೋಗಲಿ ಎಂದ ಇನಾಸ. ಆಮೇಲೆ ಅವನ ದನಿ ಗಡುಸಾಯಿತು.

"ಕಲ್ಲೆಸೆದವನು ಮಾತ್ರ ನನ್ನ ತಮ್ಮನ ಎದುರಿಗೆ ಬಂದು ನಿಲ್ಲಬೇಕು. ಉಳಿದ ಒಂದು ಕಣ್ಣಿಗೆ ಅವನು ಕಾಣಬೇಕು."

ಅಂದು ಸಂಜೆ ಗಂಟೆಗೋಪುರದ ಮೆಟ್ಟಿಲ ಮೇಲೆ ಪಾವ್ಲು ಕೂತಿದ್ದ. ಮಸೀದಿ ಕೇರಿಯ ಹಂಝ ಎಂಬ ತರುಣ ಒಬ್ಬನೇ ನಡೆದು ಬಂದು ಎದುರಿಗೆ ನಿಂತ. ನಾನೇ ಎಸೆದದ್ದು ಎಂದ. ಉಪವಾಸದಿಂದ ಅವನ ತುಟಿ ಒಡೆದಿತ್ತು. ಪಾವ್ಲು ಅವನನ್ನು ಬಹಳ ಹೊತ್ತು ನೋಡಿದ. ಅವನ ದವಡೆ ಬಿಗಿದೇ ಇತ್ತು.

ಮೇಲೆ ಇನಾಸ ಹಗ್ಗ ಎಳೆದ. ಗಂಟೆ ಹೊಡೆಯಿತು.

ಪಾವ್ಲು ಮುಖ ತಿರುಗಿಸಿಕೊಂಡು, ಪಕ್ಕದಲ್ಲಿದ್ದ ನೀರಿನ ತಂಬಿಗೆಯನ್ನು ಹಂಝನ ಕಡೆಗೆ ಸರಿಸಿದ.