ಪಟ್ಟೆ ಕದ್ದ ತಮ್ಮ

ಹವಳದ ದಿಬ್ಬದಲ್ಲಿದ್ದ ಉಬ್ಬಕ್ಕ ಎಂಬ ಉಬ್ಬುಮೀನಿಗೆ ತನ್ನ ಬೆನ್ನಿನ ನಾಲ್ಕು ಕರಿ ಪಟ್ಟೆಗಳೆಂದರೆ ಬಲು ಹೆಮ್ಮೆ. ಒಂದು ದಿನ ಅದೇ ಪಟ್ಟೆ ತೊಟ್ಟ ಬೇರೆ ಜಾತಿಯ ಮೀನೊಂದು ಎದುರಾದಾಗ ಅವಳಿಗೆ ಮೈಯೆಲ್ಲ ಉರಿಯಿತು.

"ಯಾರನ್ನು ಕೇಳಿ ನನ್ನ ಪಟ್ಟೆ ಹಾಕಿಕೊಂಡೆ?"

"ತಪ್ಪಾಯಿತಕ್ಕ. ನನಗೆ ವಿಷವಿಲ್ಲ, ನಿನ್ನಂತೆ ಉಬ್ಬಲೂ ಬಾರದು. ಈ ವೇಷದಿಂದಲೇ ಜೀವ ಉಳಿದಿದೆ" ಎಂದಿತು ಅದು.

ಉಬ್ಬಕ್ಕ ಕೇಳಲಿಲ್ಲ. ಅದನ್ನು ದೂಡಿಕೊಂಡು ಹೋಗಿ, ಸಣ್ಣ ಮೀನುಗಳನ್ನು ನುಂಗಿ ಬದುಕುವ, ದಿಬ್ಬಕ್ಕೇ ಹಿರಿಯನಾದ ಮುರುಮೀನಜ್ಜನ ಮುಂದೆ ನಿಲ್ಲಿಸಿದಳು. "ಅಜ್ಜ, ನಮ್ಮಿಬ್ಬರಲ್ಲಿ ಒಬ್ಬರಿಗೆ ವಿಷವೇ ಇಲ್ಲ. ಯಾರೆಂದು ನೀವೇ ಹೇಳಿ."

ಅಜ್ಜ ನಿಧಾನವಾಗಿ ದೊಡ್ಡ ಬಾಯಿ ತೆರೆದ. "ಹೌದೇ? ಹಿಂದೆ ನಿನ್ನಜ್ಜಿಯನ್ನು ಕಚ್ಚಿ ಮೂರು ದಿನ ನನ್ನ ದವಡೆ ಮರಗಟ್ಟಿತ್ತು. ಅಂದಿನಿಂದ ಪಟ್ಟೆಯವರ ತಂಟೆಗೇ ಹೋಗಿಲ್ಲ. ಇನ್ನು ಮೇಲೆ ಎಲ್ಲರನ್ನೂ ಒಂದೊಂದು ಸಲ ಕಚ್ಚಿ ನೋಡಿದರಾಯಿತು."

ಉಬ್ಬಕ್ಕನಿಗೆ ತನ್ನ ಮರಿಗಳು ನೆನಪಾದವು. ಗಟಗಟ ನೀರು ಕುಡಿದು ಚೆಂಡಿನಂತೆ ಉಬ್ಬಿ ನಿಂತಳು. "ತಮಾಷೆಗೆ ಹೇಳಿದೆ ಅಜ್ಜ. ಇವನು ನನ್ನ ಸ್ವಂತ ತಮ್ಮ. ವಿಷದಲ್ಲಿ ನನಗಿಂತ ಒಂದು ಕೈ ಮೇಲು."

ಅಜ್ಜ ಬಾಯಿ ಮುಚ್ಚಿದ.

ಹಿಂತಿರುಗುವಾಗ ಉಬ್ಬಕ್ಕನಿಗೆ ನಗು ತಡೆಯಲಾಗಲಿಲ್ಲ. "ತಮ್ಮಾ, ನಿನ್ನ ಬೆನ್ನಿನ ರೆಕ್ಕೆ ನನ್ನದಕ್ಕಿಂತ ಉದ್ದ. ಅಜ್ಜನ ಕಣ್ಣಿಗೆ ಬಿದ್ದೀತು, ಮಡಚಿಟ್ಟುಕೋ."