ಹದಿನಾಲ್ಕು ಗೀರುಗಳ ಮುಂದಾಳು

ಒಂದು ಕಾಡಿನಲ್ಲಿ ಬೇಸಿಗೆ ಬಂತೆಂದರೆ ಯಾರೂ ಇದ್ದಲ್ಲಿ ಇರುವಂತಿರಲಿಲ್ಲ. ಹಳ್ಳಗಳು ಬತ್ತುತ್ತಿದ್ದವು. ಐದು ಗುಡ್ಡಗಳ ಪ್ರಾಣಿಗಳೆಲ್ಲ ಸೇರಿ, ಆರು ಹಗಲು ನಡೆದು, ದೊಡ್ಡ ಹೊಳೆಗೆ ಹೋಗಬೇಕಿತ್ತು. ಒಬ್ಬೊಬ್ಬರೇ ಹೋದರೆ ಸೀಳುನಾಯಿಗಳ ಪಾಲಾಗುತ್ತಿದ್ದರು. ಅದಕ್ಕೇ ಇಡೀ ಕಾಡಿಗೆ ಒಬ್ಬ ಮುಂದಾಳು. ಮುಂದಾಳು ಮುಂದೆ, ಕಾಡೆಲ್ಲ ಹಿಂದೆ.

ಬಹಳ ವರ್ಷ ಆನೆಯಜ್ಜಿಯೇ ಮುಂದಾಳಾಗಿದ್ದಳು. ಅವಳು ದಾರಿ ಹೇಳುತ್ತಿರಲಿಲ್ಲ, ಸುಮ್ಮನೆ ನಡೆಯುತ್ತಿದ್ದಳು. ಉಳಿದವರು ಮುಂದಿನವರ ಬಾಲ ನೋಡಿಕೊಂಡು ಹೆಜ್ಜೆ ಹಾಕುತ್ತಿದ್ದರು. ಹೊಳೆಗೆ ಹೋಗಿ ಬಂದವರು ಪ್ರತಿ ವರ್ಷ ಒಂದು ದೊಡ್ಡ ಮತ್ತಿಮರಕ್ಕೆ ಗೀರು ಎಳೆಯುತ್ತಿದ್ದರು. ಕೊಂಬಿದ್ದವರು ಕೊಂಬಿನಿಂದ, ಇಲ್ಲದವರು ಗೊರಸಿನಿಂದ. ಗೀರು ಹೆಚ್ಚಿದ್ದವರಿಗೆ ಮರ್ಯಾದೆಯೂ ಹೆಚ್ಚು.

ಆ ವರ್ಷದ ಮಳೆಗಾಲದಲ್ಲಿ ಆನೆಯಜ್ಜಿ ತೀರಿಕೊಂಡಳು. ಚಳಿ ಕಳೆಯಿತು. ಹಳ್ಳದ ನೀರು ಗೊರಸು ಮುಳುಗುವಷ್ಟಕ್ಕೆ ಇಳಿಯಿತು. ಹೊಸ ಮುಂದಾಳನ್ನು ಆರಿಸಲು ಎಲ್ಲರೂ ಮತ್ತಿಮರದ ಕೆಳಗೆ ಸೇರಿದರು.

ನಿಂತವರು ಇಬ್ಬರು. ಒಬ್ಬ ಕಾಡುಕೋಣ. ದೊಡ್ಡ ಮೈ, ಮೆತ್ತನೆಯ ಮನಸ್ಸು. ಮರದ ಮೇಲೆ ಅವನ ಗೀರು ಹದಿನಾಲ್ಕು. ಇನ್ನೊಬ್ಬಳು ಒಂದು ತಾಯಿ ಕಡವೆ. ಅವಳ ಗೀರು ಒಂದೇ ಒಂದು. ಅವಳ ಪಕ್ಕೆಗೆ ಅಂಟಿಕೊಂಡು ಇನ್ನೂ ಹಾಲು ಬಿಡದ ಮರಿಯೊಂದು ನಿಂತಿತ್ತು. ಅವಳಿಗೆ ಮುಂದಾಳಾಗುವ ಆಸೆಯೇನೂ ಇರಲಿಲ್ಲ. ಮರಿ ಹೊಳೆ ಮುಟ್ಟಲಿ ಎಂದಷ್ಟೇ ನಿಂತಿದ್ದಳು.

ನರಿ ಎಲ್ಲರಿಗಿಂತ ಮೊದಲು ಮಾತಾಡಲು ಮರದ ಬುಡದ ಕಲ್ಲು ಹತ್ತಿತು. ಆನೆಯಜ್ಜಿಯ ಕಾಲದಲ್ಲಿ ದಾರಿಯಲ್ಲಿ ಒಬ್ಬರೂ ಸಾಯುತ್ತಿರಲಿಲ್ಲ. ನರಿಗೆ ಆ ಸಾಲಿನಿಂದ ಒಂದು ಎಲುಬೂ ಸಿಗುತ್ತಿರಲಿಲ್ಲ. ಈ ಸಲ ದಾರಿ ಗೊತ್ತಿಲ್ಲದವನು ಮುಂದಾಳಾಗಲಿ ಎಂದು ಅದು ಹೊಂಚು ಹಾಕಿತ್ತು.

“ಅಣ್ಣಂದಿರಾ, ಅಕ್ಕಂದಿರಾ, ಇದರಲ್ಲಿ ಯೋಚನೆ ಮಾಡೋಕೆ ಏನಿದೆ?” ಎಂದಿತು ನರಿ. “ಮರ ನೋಡಿ! ಕೋಣಣ್ಣನಿಗೆ ಹದಿನಾಲ್ಕು ವರ್ಷದ ಅನುಭವ. ಕಡವೆಕ್ಕನಿಗೆ ಒಂದು ವರ್ಷದ್ದು. ನಿಮ್ಮ ಮಕ್ಕಳನ್ನು ಒಂದು ಗೀರಿನ ಹಿಂದೆ ಕಳಿಸ್ತೀರಾ?”

ಕಡವೆ ಮುಂದೆ ಬಂದಳು.

“ಹೋಗಿದ್ದು ಒಂದೇ ಸಲ, ಸುಳ್ಳು ಹೇಳಲ್ಲ. ಎರಡನೇ ದಿನವೇ ಕಾಲಿಗೆ ಮುಳ್ಳು ಹೊಕ್ಕಿತು. ನೀವೆಲ್ಲ ಮುಂದೆ ಹೊರಟುಹೋದಿರಿ. ಆಗ ಈ ಕೂಸು ಹೊಟ್ಟೆಯಲ್ಲಿತ್ತು. ನೋಡಿಕೊಂಡು ನಡೆಯೋಣ ಅಂದ್ರೆ ನನ್ನ ಮುಂದೆ ಯಾರ ಬಾಲವೂ ಇರಲಿಲ್ಲ. ಲದ್ದಿ ಮೂಸಿದೆ. ಕಲ್ಲು ಗುರುತಿಟ್ಟೆ. ಸಂಜೆ ಹಕ್ಕಿಗಳು ಎತ್ತ ಇಳಿಯುತ್ತವೆ ಅಂತ ನೋಡಿದೆ. ಎರಡು ಕಡೆ ದಾರಿ ತಪ್ಪಿದೆ. ತಪ್ಪಿದ ಜಾಗವೂ ನೆನಪಿದೆ.”

ಆರು ಮರಿಗಳ ತಾಯಿ ಕಾಡುಹಂದಿ ಮೂತಿ ಎತ್ತಿತು. “ಸೀಳುನಾಯಿ ಕಣ್ಣಿಗೆ ಬೀಳದೆ ಬಂದಿದ್ದು ನಿನ್ನ ಅದೃಷ್ಟ ಕಣೆ. ಅದೃಷ್ಟದ ಹಿಂದೆ ನಾನು ಆರು ಮಕ್ಕಳನ್ನ ಕಟ್ಕೊಂಡು ಬರಲಾ?”

“ಅದೂ ನಿಜ ಅಕ್ಕ,” ಎಂದಳು ಕಡವೆ. “ನನಗೂ ಭಯ ಇದ್ದೇ ಇದೆ.”

ಭಯ ಅಂದದ್ದೇ ತಪ್ಪಾಯಿತು. ಕೇಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆಗ ಹಳೆಯ ಮುಳ್ಳುಹಂದಿಯೊಂದು ನಿಧಾನವಾಗಿ ಕೇಳಿತು. “ಕೋಣಪ್ಪ, ನೀನು ಒಂದು ಮಾತು ಹೇಳು. ಮೂರನೇ ದಿನ ನೀರು ಎಲ್ಲಿ ಸಿಗುತ್ತೆ?”

“ಮೂರನೇ ದಿನಾನಾ ಮುಳ್ಳಜ್ಜ?” ಕೋಣ ಕಿವಿ ಅಲ್ಲಾಡಿಸಿದ. “ಅಲ್ಲೊಂದು... ಒಂದು ತಿರುವಿದೆ. ಆಮೇಲೆ... ನನ್ನ ಮುಂದೆ ಆನೆಯಜ್ಜಿ ಇದ್ದಳಲ್ಲ, ಅಷ್ಟು ದೊಡ್ಡ ಮೈ. ಏನೂ ಕಾಣ್ತಾನೇ ಇರಲಿಲ್ಲ.”

ಕೊಂಬೆಯ ಮೇಲಿಂದ ಕರಿಮೂತಿಯ ಕೋತಿ ಮುಸುವ ಕೂಗಿತು. “ಹದಿನಾಲ್ಕು ವರ್ಷ ಬಾಲವನ್ನೇ ನೋಡಿದೆಯಲ್ಲೋ ಮಾರಾಯ! ಬಾಲದ ಕೂದಲಾದರೂ ಎಣಿಸಿದೆಯಾ?”

ಎಲ್ಲರೂ ನಕ್ಕರು. ಕೋಣನೂ ನಾಚಿಕೊಂಡು ನಕ್ಕ. ನರಿ ಮಾತ್ರ ನಗಲಿಲ್ಲ.

“ನಗಿ, ನಗಿ,” ಎಂದಿತು. “ಮುಂದಾಳು ಅನ್ನಿಸಿಕೊಂಡವನು ಕಲ್ಲು, ತಿರುವು ಎಲ್ಲ ತಲೆಯಲ್ಲಿ ಇಟ್ಕೊಂಡು ಕೂರ್ತಾನಾ? ಅದಕ್ಕೆ ನಮ್ಮಂಥವರಿದ್ದೀವಿ. ಕಿವಿಯಲ್ಲಿ ಹೇಳ್ತೀವಿ. ಕೋಣಣ್ಣನ ಎದೆ ನೋಡಿ, ಕೊಂಬು ನೋಡಿ. ಇವಳು ಈಗಲೇ ಭಯ ಅಂತಾಳೆ!”

ಕೋಣನ ಕಡೆಯವರು ಮರದ ಬಲಕ್ಕೆ, ಕಡವೆಯ ಕಡೆಯವರು ಎಡಕ್ಕೆ ನಿಲ್ಲಬೇಕೆಂದಾಯಿತು. ಬಲಗಡೆ ನಿಲ್ಲಲು ಜಾಗ ಸಾಲಲಿಲ್ಲ. ಎಡಗಡೆ ಮುಳ್ಳಜ್ಜ, ನಾಲ್ಕು ಮೊಲ, ಒಂದು ಮುಸುವ. ಕಡವೆಯ ಸ್ವಂತ ಅಕ್ಕ ಕೂಡ ಬಲಕ್ಕೆ ಹೋಗಿ ತಲೆ ತಗ್ಗಿಸಿ ನಿಂತಳು.

“ಅವ್ವಾ, ನಾವು ಸೋತ್ವಾ?” ಎಂದಿತು ಮರಿ.

“ಇಲ್ಲ ಕೂಸೇ. ಎಲ್ಲರ ಜೊತೆ ಹೋಗೋದಲ್ವಾ, ಅಷ್ಟೇ ಸಾಕು.”

ಮಾರನೆಯ ಬೆಳಗ್ಗೆ ಹೊರಟರು. ಎರಡು ದಿನ ಹೇಗೋ ಕಳೆಯಿತು. ಮೂರನೇ ದಿನ ಎಲ್ಲೂ ನೀರು ಕಾಣಲಿಲ್ಲ. ಹಿಂದೆ ನಡೆಯುತ್ತಿದ್ದ ಕಡವೆ ಸಾಲು ಬಿಟ್ಟು ಹೋಗಿ, ಒಣಗಿದ ತೊರೆಯ ತಿರುವಿನಲ್ಲಿ ಗೊರಸಿನಿಂದ ಮರಳು ಕೆರೆದಳು. ತಣ್ಣನೆಯ ನೀರು ಜಿನುಗಿತು. ಎಲ್ಲರೂ ಓಡಿ ಬಂದು ಕುಡಿದರು.

“ನೋಡಿದಿರಾ ನಮ್ಮ ಕೋಣಣ್ಣನ ಅನುಭವ!” ಎಂದಿತು ನರಿ. “ಸರಿಯಾದ ಜಾಗಕ್ಕೇ ತಂದು ನಿಲ್ಲಿಸಿದ.” ಬಾಯಾರಿದವರು ತಲೆಯಾಡಿಸಿದರು. ಕೋಣ ಕಡವೆಯ ಕಡೆ ನೋಡದೆ ಮುಂದೆ ನಡೆದ.

ನಾಲ್ಕನೇ ದಿನ ಮಧ್ಯಾಹ್ನ ಒಂದು ಕರಿಬಂಡೆಯ ಹತ್ತಿರ ದಾರಿ ಎರಡಾಯಿತು. ಎಡಕ್ಕೆ ಗುಡ್ಡ ಬಳಸಿ ಹೋಗುವ ಬಿದಿರುಮೆಳೆಯ ದಾರಿ. ಬಲಕ್ಕೆ ಒಂದು ಹಳೆಯ ಕೆರೆ. ಕೆರೆಯ ತುಂಬ ಹೂಳು. ಮೇಲೆ ಒಣಗಿ ಬಿರಿದ ಮಣ್ಣು, ನಡುವೆ ಅಂಗೈಯಗಲ ನೀರು ಹೊಳೆಯುತ್ತಿತ್ತು.

ನರಿ ಕೋಣನ ಕಿವಿಗೆ ಬಂತು. “ಬಲಕ್ಕೆ ಹೋಗೋಣ. ಒಂದು ದಿನ ಉಳಿಯುತ್ತೆ.”

ಕಡವೆ ಹಿಂದಿನಿಂದ ಓಡಿ ಬಂದಳು. “ಕೋಣಣ್ಣ, ಬೇಡ. ಹೋದ ವರ್ಷ ನಾನು ತಪ್ಪಿದ್ದು ಇಲ್ಲೇ. ಮೇಲೆ ಮಾತ್ರ ಗಟ್ಟಿ. ಒಳಗೆ ಕೆಸರು. ಮೊಣಕಾಲವರೆಗೆ ಹೂತು, ಹೇಗೋ ಎದ್ದು ಬಂದೆ. ನಿನಗೆ ಕೈ ಮುಗೀತೀನಿ.”

ಕೋಣ ನಿಂತ. ಅವನಿಗೆ ಅವಳ ಮಾತು ಸರಿ ಎನ್ನಿಸಿತು. ಅದು ಅವನ ಕಣ್ಣಲ್ಲೇ ಕಾಣುತ್ತಿತ್ತು.

“ಈಗ ಅವಳ ಮಾತು ಕೇಳಿದೆಯೋ,” ಎಂದು ನರಿ ಪಿಸುಗುಟ್ಟಿತು, “ಹದಿನಾಲ್ಕು ಗೀರು ಸುಳ್ಳು ಅಂತ ನೀನೇ ಒಪ್ಪಿಕೊಂಡ ಹಾಗೆ.”

ಕೋಣ ಬಲಕ್ಕೆ ತಿರುಗಿದ.

ಕಡವೆ ಮರಿಯೊಂದಿಗೆ ಅಲ್ಲೇ ನಿಂತಳು. ಬಿದಿರುಮೆಳೆಯ ಆಚೆ ಸೀಳುನಾಯಿಗಳು ಸಿಳ್ಳೆ ಹಾಕುವುದು ಕೇಳಿಸಿತು. ಇಬ್ಬರೇ ಉಳಿಯುವಂತಿರಲಿಲ್ಲ. ಗೊತ್ತಿದ್ದೂ ಗೊತ್ತಿದ್ದೂ ಅವಳು ಹಿಂದೆ ಹೆಜ್ಜೆ ಹಾಕಿದಳು. “ನನ್ನ ಪಕ್ಕ ಬಿಡಬೇಡ,” ಎಂದು ಮರಿಗೆ ಹೇಳಿದಳು.

ಕೆರೆಯಂಚಿಗೆ ಬಂದಾಗ ಮರಿಗಳಿಗೆ ನಡುವಿನ ನೀರು ಕಂಡಿತು. ಬಾಯಾರಿದ ಮಕ್ಕಳು, ಅವಕ್ಕೆ ಏನು ಗೊತ್ತು? ಹಂದಿಮರಿಗಳು ಓಡಿದವು. “ಅವ್ವಾ, ನೀರು!” ಎಂದು ಕಡವೆಯ ಮರಿಯೂ ಓಡಿತು. ಕಡವೆ ಕೂಗುವಷ್ಟರಲ್ಲಿ ಒಣಮಣ್ಣು ಹಪ್ಪಳದ ಹಾಗೆ ಒಡೆಯಿತು.

ಎರಡು ಹಂದಿಮರಿ ಕುತ್ತಿಗೆವರೆಗೆ ಹೂತವು. ಕಡವೆಯ ಮರಿ ಇನ್ನೂ ಮುಂದೆ ಹೋಗಿತ್ತು. ಅದರ ಕಾಲು ಸಣ್ಣ. ಒದ್ದಾಡಿದಷ್ಟೂ ಒಳಕ್ಕಿಳಿಯಿತು. ಕಡವೆ ಹಾರಿದಳು, ಎದೆಮಟ್ಟ ಹೂತಳು.

ಆಗ ಕೋಣ ನುಗ್ಗಿದ. ಕೆಸರನ್ನು ಸೀಳಿಕೊಂಡು ಹೋಗಿ, ಕೊಂಬಿನಿಂದ ಎರಡು ಹಂದಿಮರಿಗಳನ್ನೂ ದಡಕ್ಕೆ ಎತ್ತಿ ಎಸೆದ. ತಲೆ ಕೊಟ್ಟು ಕಡವೆಯನ್ನು ಹಿಂದಕ್ಕೆ ದೂಡಿದ. ಮರಿಯ ಕಡೆ ತಿರುಗಿದಾಗ ಎರಡು ಕಿವಿ ಕಾಣುತ್ತಿದ್ದವು. ಅವನು ಅಲ್ಲಿಗೆ ತಲುಪುವಷ್ಟರಲ್ಲಿ ಅವೂ ಕಾಣಲಿಲ್ಲ.

ಅಷ್ಟು ದೊಡ್ಡ ಮೈಗೆ ವಾಪಸು ಬರಲು ಆಗಲಿಲ್ಲ. ಎಲ್ಲರೂ ಬಿದಿರು ಎಳೆದು ತಂದರು, ಬಳ್ಳಿ ತಂದರು. ಕೋಣ ಹೂಳಿನಲ್ಲಿ ಮೆಲ್ಲಗೆ ಇಳಿಯುತ್ತಲೇ ಇದ್ದ.

“ಕಡವೆಕ್ಕ,” ಎಂದ. “ನನಗೆ ದಾರಿ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನೋಕೆ ನಾಚಿಕೆಯಾಯ್ತು. ಇವರನ್ನ ಎಡಕ್ಕೆ ಕರ್ಕೊಂಡು ಹೋಗವ್ವ.”

ಅದೇ ಅವನ ಕೊನೆಯ ಮಾತು.

ಮುಳ್ಳಜ್ಜ ನರಿಯ ಕಡೆ ತಿರುಗಿತು. “ಒಂದು ದಿನ ಉಳಿಯುತ್ತೆ ಅಂದೆಯಲ್ಲ, ಈ ಕೆರೆ ನಿನಗೆ ಹೇಗೆ ಗೊತ್ತು?” ನರಿ ಎರಡು ಹೆಜ್ಜೆ ಹಿಂದೆ ಸರಿಯಿತು. ಎಲ್ಲರಿಗೂ ಅರ್ಥವಾಯಿತು. ಆದರೆ ಯಾರಿಗೂ ಬೈಯಲೂ ಶಕ್ತಿ ಇರಲಿಲ್ಲ. ಅದನ್ನು ಅಲ್ಲೇ ಬಿಟ್ಟು ಹೊರಟರು.

ನರಿಗೆ ಬೇಕಾಗಿದ್ದೂ ಅದೇ. ಆ ಹೂಳಿನ ಮೇಲೆ ಅದು ಎಷ್ಟೋ ಬೇಸಿಗೆ ಓಡಾಡಿತ್ತು. ಸಾಲಿಗೆ ಸೇರದೆ ಒಂಟಿಯಾಗಿ ಬಂದು ಸಿಕ್ಕಿಕೊಂಡು ಸತ್ತ ಬಡಪಾಯಿಗಳನ್ನು ತಿಂದಿತ್ತು. ಹಗುರ ಮೈ, ಒಮ್ಮೆಯೂ ಕಾಲು ಇಳಿದಿರಲಿಲ್ಲ. ಆ ಧೈರ್ಯದಲ್ಲೇ ಕೋಣನ ಕಡೆ ಹೆಜ್ಜೆಯಿಟ್ಟಿತು. ಆದರೆ ಆವತ್ತು ಒಣಮಣ್ಣೆಲ್ಲ ತುಳಿದು ಒಡೆದುಹೋಗಿತ್ತು. ನಾಲ್ಕನೇ ಹೆಜ್ಜೆಗೆ ಕೆಸರು ಕುತ್ತಿಗೆ ಮುಟ್ಟಿತು. “ಕಡವೆಕ್ಕಾ! ದಾರಿ ಬಲ್ಲವಳೇ!” ಎಂದು ಕೂಗಿತು. ಅಷ್ಟೊತ್ತಿಗೆ ಅವರು ಗುಡ್ಡದ ಆಚೆ ಇದ್ದರು.

ಕಡವೆ ಅಳದೆ ನಡೆದಳು. ಒಂದೊಂದು ತಿರುವಿನಲ್ಲೂ ನಿಂತು, “ಈ ಕಲ್ಲು ನೋಡಿ, ಈ ಮರ ನೋಡಿ, ತಲೆ ಎತ್ತಿ ನಡೀರಿ,” ಎಂದು ಹೇಳಿದಳು. ಸೀಳುನಾಯಿಗಳು ಸಿಳ್ಳೆ ಹಾಕಿದಾಗ ಎಲ್ಲರನ್ನೂ ಒತ್ತಾಗಿ ನಿಲ್ಲಿಸಿದಳು. ಕೆರೆಯ ಹತ್ತಿರ ಹೊತ್ತು ಕಳೆದಿದ್ದರಿಂದ ಏಳನೇ ದಿನ ಹೊಳೆ ಸಿಕ್ಕಿತು. ಹಂದಿತಾಯಿ ತನ್ನ ಆರೂ ಮಕ್ಕಳನ್ನು ನೀರಿಗೆ ಬಿಟ್ಟು ಅವಳ ಹತ್ತಿರ ಬಂತು.

“ಇನ್ನು ಮೇಲೆ ನೀನೇ ನಮ್ಮ ಮುಂದಾಳು ಕಣವ್ವ,” ಎಂದಿತು.

ಕಡವೆ ನೀರಿನ ಹತ್ತಿರ ಹೋದಳು. ಕುಡಿಯಲು ತಲೆ ಬಗ್ಗಿಸಿದವಳು, ಮರಿ ಮೊದಲು ಕುಡಿಯಲಿ ಎಂದು ಅಭ್ಯಾಸದಂತೆ ಒಂದು ಹೆಜ್ಜೆ ಹಿಂದೆ ಸರಿದು ಜಾಗ ಬಿಟ್ಟಳು.

ಬಹಳ ಹೊತ್ತು ಹಾಗೇ ನಿಂತಿದ್ದಳು.

ನೀತಿ: ಮುಂದಾಳನ್ನು ಆರಿಸುವಾಗ ಎಷ್ಟು ವರ್ಷ ನಡೆದಿದ್ದಾನೆ ಎಂದಷ್ಟೇ ಎಣಿಸಬೇಡಿ, ನಡೆಯುವಾಗ ಏನು ಕಂಡು ಕಲಿತಿದ್ದಾನೆ ಎಂದೂ ಕೇಳಿ. ಕೇಳದೆ ಆರಿಸಿದರೆ ನೋವು ತಿನ್ನುವವರು ಏನೂ ತಪ್ಪು ಮಾಡದ ಮಕ್ಕಳು.